ಬೆಳ್ಳಕ್ಕಿಯನ್ನು ಪೂಜೆಗೆ ಕರೆದ ಗುರುಪಾದಯ್ಯ

ಹಾಲಗೊಂಡನ ಕೆರೆಯ ಏರಿಯ ಕೆಳಗೆ ಒಂದು ಪುಟ್ಟ ಮಠವಿತ್ತು. ಒಳಗೆ ಶಿವಲಿಂಗ, ಅಂಗಳದಲ್ಲಿ ಕಲ್ಲಿನ ನಂದಿ, ಹಿತ್ತಲಲ್ಲಿ ಒಂದು ಹಸು, ಒಬ್ಬ ಗುರು, ಒಬ್ಬ ಶಿಷ್ಯ. ಮಠದ ಸಂಸಾರ ಇಷ್ಟೇ.

ಗುರುಗಳ ಹೆಸರು ಅಡವಿಲಿಂಗ ಸ್ವಾಮಿಗಳು. ಆ ಸೀಮೆಯಲ್ಲಿ ಮಠದ ಗುರುಗಳನ್ನು ‘ಬುದ್ಧಿ’ ಎಂದು ಮಾತಾಡಿಸುವುದು ವಾಡಿಕೆ. ‘ಬುದ್ಧಿ, ಅಡ್ಡಬಿದ್ದೆ’ ಅಂದರೆ ನಿಮಗೆ ನಮಸ್ಕಾರ ಅಂತ. ಸ್ವಾಮಿಗಳಿಗೆ ಎಂಬತ್ತು ತುಂಬಿತ್ತು. ಹಲ್ಲು ಎರಡೇ ಉಳಿದಿದ್ದವು, ಆದರೆ ನಗು ಪೂರ್ತಿ ಉಳಿದಿತ್ತು.

ಶಿಷ್ಯನ ಹೆಸರು ಗುರುಪಾದಯ್ಯ. ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು, ವಯಸ್ಸು ನಲವತ್ತು ದಾಟಿತ್ತು. ಒಳ್ಳೆಯ ಮನುಷ್ಯ. ಕಸ ಗುಡಿಸುತ್ತಿದ್ದ, ಹಸು ಕರೆಯುತ್ತಿದ್ದ, ಅಂಬಲಿ ಕಾಯಿಸುತ್ತಿದ್ದ. ಸುಳ್ಳಿಲ್ಲ, ಕಳ್ಳತನವಿಲ್ಲ. ಒಂದೇ ಒಂದು ಆಸೆ ಮಾತ್ರ ಅವನಿಗೆ ಒಳಗೊಳಗೇ ಕಚಗುಳಿ ಇಡುತ್ತಿತ್ತು. ನೋಡಿದವರೆಲ್ಲ ತನ್ನನ್ನು ದೊಡ್ಡ ತಪಸ್ವಿ ಅನ್ನಬೇಕು!

ಈ ಆಸೆ ಹುಟ್ಟಿದ್ದಕ್ಕೆ ಒಂದು ಬೆಳ್ಳಕ್ಕಿ ಕಾರಣ. ಮಠಕ್ಕೆ ಬಂದ ಹೊಸದರಲ್ಲಿ ಗುರುಪಾದಯ್ಯ ಒಂದು ಬೆಳಿಗ್ಗೆ ಕೆರೆಗೆ ಹೋಗಿದ್ದ. ನೀರಿನ ಅಂಚಿನಲ್ಲಿ ಅದು ಒಂಟಿ ಕಾಲಲ್ಲಿ ನಿಂತಿತ್ತು. ಮೈಯೆಲ್ಲ ಮಡಿಬಟ್ಟೆಯ ಹಾಗೆ ಬೆಳ್ಳಗೆ. ಕತ್ತು ಮಡಿಚಿ, ಕಣ್ಣು ಅರೆಮುಚ್ಚಿ, ಅಲುಗಾಟವೇ ಇಲ್ಲ. ‘ಆಹಾ! ಎಂಥ ಧ್ಯಾನ! ತಪಸ್ಸು ಅಂದರೆ ಇದಪ್ಪಾ’ ಅಂದುಕೊಂಡ ಗುರುಪಾದಯ್ಯ ಮಾರನೆಯ ದಿನದಿಂದ ತಾನೂ ಬಿಳಿ ಪಂಚೆ ಉಟ್ಟು ಅದರಿಂದ ಮೂರು ಮಾರು ದೂರದಲ್ಲಿ ಒಂಟಿ ಕಾಲಲ್ಲಿ ನಿಲ್ಲತೊಡಗಿದ.

ಕೆರೆ ಏರಿಯ ಮೇಲೆ ಸಂತೆಗೆ ಹೋಗುವ ದಾರಿ. ಹೋಗುವವರು, ಬರುವವರು, ಗಾಡಿಯವರು ಎಲ್ಲ ನೋಡುತ್ತಿದ್ದರು. ಕೆಲವರು ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. ಯಾರು ಮುಗಿದರು, ಯಾರು ಮುಗಿಯಲಿಲ್ಲ ಎಂದು ಗುರುಪಾದಯ್ಯನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಏಕೆಂದರೆ ಅವನ ಎಡಗಣ್ಣು ಯಾವಾಗಲೂ ಏರಿಯ ಕಡೆಗೆ ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು. ಊರಿನವರು ಅವನಿಗೆ ‘ಒಂಟಿಪಾದಯ್ಯ’ ಎಂದು ಹೆಸರಿಟ್ಟರು. ಅವರು ಇಟ್ಟದ್ದು ತಮಾಷೆಗೆ. ಇವನು ಅದನ್ನು ಬಿರುದು ಎಂದುಕೊಂಡ.

ಇವನು ಹಾಗೆ ನಿಂತಿರುವ ಹೊತ್ತಿಗೆ ಗುರುಗಳು ಪೂಜೆಗೆ ಹೂ ಬಿಡಿಸಲು ಹೋಗುತ್ತಿದ್ದರು. ಹನ್ನೆರಡು ವರ್ಷವೂ ಅವರೇ. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ತರುತ್ತಿದ್ದರು. ಅದರೊಳಗೆ ಯಾವ ಹೂವಿದೆ ಎಂದು ಗುರುಪಾದಯ್ಯ ಒಂದು ದಿನವೂ ಎತ್ತಿ ನೋಡಿದವನಲ್ಲ. ಪೂಜೆಯ ಹೊತ್ತಿಗಾದರೂ ನೋಡಬಹುದಿತ್ತು. ಆದರೆ ಆಗ ಅವನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಧ್ಯಾನ ಮಾಡುತ್ತಿದ್ದ. ಜನ ಬಂದಿರುತ್ತಾರಲ್ಲ!

ಹೀಗಿರುವಾಗ ಶ್ರಾವಣ ಬಂತು. ಗುರುಗಳ ಮಂಡಿನೋವು ಹೆಚ್ಚಾಯಿತು. ಒಂದು ಸಂಜೆ ಶಿಷ್ಯನನ್ನು ಕೂರಿಸಿಕೊಂಡು ಹೇಳಿದರು:

“ಗುರುಪಾದ, ಈ ಮಂಡಿ ಇನ್ನು ನನ್ನ ಮಾತು ಕೇಳುವುದಿಲ್ಲ ಕಣಪ್ಪ. ಪೂಜೆಯ ಕೈಗಂಟೆಯನ್ನು ಇನ್ನೊಬ್ಬರ ಕೈಗೆ ಕೊಡುವ ಕಾಲ ಬಂತು. ಶ್ರಾವಣದ ಕಡೇ ಸೋಮವಾರ ಮಂಗಳಾರತಿ ಆದಮೇಲೆ ಕೊಡುತ್ತೇನೆ. ನಿನಗೆ ಕೊಡುವುದೋ, ದೊಡ್ಡ ಮಠದಿಂದ ಯಾರನ್ನಾದರೂ ಕರೆಸುವುದೋ, ಅವತ್ತು ನೋಡೋಣ.”

ಗುರುಪಾದಯ್ಯನ ಕಣ್ಣು ಗೋಡೆಯ ಗೂಡಿನಲ್ಲಿದ್ದ ಗಂಟೆಯ ಕಡೆ ಹೋಯಿತು. ಹಿಡಿಯ ತುದಿಯಲ್ಲಿ ಪುಟ್ಟ ನಂದಿ ಕೂತಿರುವ ಆ ಕಂಚಿನ ಗಂಟೆ! ಹನ್ನೆರಡು ವರ್ಷದಿಂದ ಕನಸಿನಲ್ಲಿ ಎಷ್ಟು ಸಲ ಬಾರಿಸಿದ್ದನೋ. ಮಾರನೆಯ ದಿನವೇ ಸಿಕ್ಕಸಿಕ್ಕವರಿಗೆಲ್ಲ, “ಕಡೇ ಸೋಮವಾರ ತಪ್ಪದೆ ಬನ್ನಿ, ಏನೋ ಒಂದು ವಿಶೇಷ ಆಗಬಹುದು, ನಾನು ಏನೂ ಹೇಳುವುದಿಲ್ಲಪ್ಪ” ಎಂದು ಎಲ್ಲವನ್ನೂ ಹೇಳಿಬಿಟ್ಟ.

ಕಡೇ ಸೋಮವಾರವೂ ಬಂತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಸೋಮವಾರ ಗುರುಗಳದು ಮೌನವ್ರತ. ಕೋಳಿ ಕೂಗಿದಾಗಿನಿಂದ ಮಂಗಳಾರತಿಯವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಬರೆದು ತೋರಿಸುತ್ತಲೂ ಇರಲಿಲ್ಲ. “ಬರೆದರೂ ಅದು ಮಾತೇ ತಾನೆ” ಅನ್ನುತ್ತಿದ್ದರು. ಏನಿದ್ದರೂ ಕೈಸನ್ನೆ. ಇನ್ನೊಂದು ವಿಷಯ, ಮಠದ ಕಟ್ಟಳೆ. ಪೂರ್ವಕ್ಕೆ ಒಂದು ದೊಡ್ಡ ಹುಣಸೆ ಮರವಿತ್ತು. ಸೂರ್ಯ ಅದನ್ನು ದಾಟಿ ಬಂದಾಗ ಬಿಸಿಲು ಮೊದಲು ಬೀಳುವುದು ಅಂಗಳದ ನಂದಿಯ ಕೊಂಬಿನ ಮೇಲೆ. ನಂದಿಯ ಕೊಂಬಿಗೆ ಬಿಸಿಲು ಬೀಳುವ ಮೊದಲು ಲಿಂಗಕ್ಕೆ ಹೂ ಏರಬೇಕು. ಮುತ್ತಜ್ಜನ ಕಾಲದಿಂದ ಇದು ತಪ್ಪಿರಲಿಲ್ಲ.

ಅವತ್ತು ಬೆಳಕು ಹರಿಯುವಾಗ ಗುರುಗಳು ಏಳಲು ನೋಡಿದರು. ಮಂಡಿ ಏಳಗೊಡಲಿಲ್ಲ. ಚಪ್ಪಾಳೆ ತಟ್ಟಿ ಶಿಷ್ಯನನ್ನು ಕರೆದರು. ಪಂಚೆ ಕಟ್ಟಿಕೊಂಡು ಕೆರೆಗೆ ಹೊರಟಿದ್ದ ಗುರುಪಾದಯ್ಯ ಓಡಿ ಬಂದ.

ಗುರುಗಳು ಕೆರೆಯ ಕಡೆಗೆ ಬೆರಳು ತೋರಿಸಿದರು. ತಮ್ಮ ಪಂಚೆಯ ಅಂಚನ್ನು ಎತ್ತಿ ಬಿಳಿ ಬಣ್ಣ ತೋರಿಸಿದರು. ಕಂಬ ಹಿಡಿದು, ಹಲ್ಲು ಕಚ್ಚಿ, ಒಂದು ಕಾಲನ್ನು ಚೂರೇ ಚೂರು ಮೇಲಕ್ಕೆತ್ತಿ ನಿಂತರು. ತಲೆ ಬಾಗಿಸಿದರು. ಲಿಂಗದ ಕಡೆ ತಿರುಗಿ ಕೈ ಮುಗಿದು, ಎದೆ ಮುಟ್ಟಿಕೊಂಡು, ‘ಆತನಿಗೆ ಬಲು ಪ್ರೀತಿ’ ಎಂಬಂತೆ ಮುಗುಳ್ನಕ್ಕರು. ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು ‘ಪುಟ್ಟದು’ ಎಂದು ತೋರಿಸಿದರು. ಕೊನೆಗೆ ಆ ಎರಡು ಬೆರಳುಗಳನ್ನು ಕೂಡಿಸಿ, ಬಿಡಿಸಿ, ಕೂಡಿಸಿ, ಬಿಡಿಸಿ, ಹೂಬುಟ್ಟಿಯನ್ನು ಅವನ ಕೈಗಿಟ್ಟರು.

ಗುರುಪಾದಯ್ಯ ನಿಂತಲ್ಲೇ ಕಲ್ಲಾದ.

ಕೆರೆಯಲ್ಲಿದೆ. ಬೆಳ್ಳಗಿದೆ. ಒಂಟಿ ಕಾಲಲ್ಲಿ ನಿಲ್ಲುತ್ತದೆ. ತಲೆ ಬಾಗಿಸುತ್ತದೆ. ಶಿವನಿಗೆ ಪ್ರಿಯ. ಬೆರಳು ಕೂಡಿಸಿ ಬಿಡಿಸಿದ್ದು ಕೊಕ್ಕು, ಇನ್ನೇನು! ಪುಟ್ಟದು ಅಂದರೆ ದೊಡ್ಡ ಕೊಕ್ಕರೆ ಅಲ್ಲ, ಚಿಕ್ಕ ಬೆಳ್ಳಕ್ಕಿ. ಬುಟ್ಟಿ? ಅಯ್ಯೋ ಶಿವನೇ, ಅಂಥ ಮಹಾತಪಸ್ವಿಯನ್ನು ನಡೆಸಿಕೊಂಡು ಬರುವುದುಂಟೇ? ಬುಟ್ಟಿ ಅಂದರೆ ಪಲ್ಲಕ್ಕಿ!

‘ನನ್ನ ಗುರುವನ್ನು ನನ್ನ ಗುರು ಕಂಡುಹಿಡಿದುಬಿಟ್ಟರು! ಬೆಳ್ಳಕ್ಕಿಯನ್ನು ಕೂರಿಸಿ, ಅದರ ಎದುರಿಗೇ ನನಗೆ ಗಂಟೆ ಕೊಡುತ್ತಾರೆ’ ಎಂದುಕೊಂಡ. ಕಣ್ಣಲ್ಲಿ ನೀರು ಬಂತು. ಗುರುಗಳ ಕಾಲಿಗೆ ಬಿದ್ದು, ಬುಟ್ಟಿಯೊಳಗೆ ತನ್ನ ಮಡಿ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಮೆತ್ತೆಯಂತೆ ಹಾಸಿದ. ಹೂ ತರುವುದಕ್ಕೆ ಮೆತ್ತೆ ಯಾಕೆ ಎಂದು ಗುರುಗಳು ಹುಬ್ಬೇರಿಸಿದರು. ಕೇಳುವ ಹಾಗಿರಲಿಲ್ಲ.

ಕೆರೆಯ ಅಂಚಿನಲ್ಲಿ ಬೆಳ್ಳಕ್ಕಿ ಇತ್ತು. ಎಂದಿನಂತೆ ಒಂಟಿ ಕಾಲಲ್ಲಿ.

ಗುರುಪಾದಯ್ಯ ದಂಡೆಯ ಕಳೆಗಿಡಗಳನ್ನು ತುಳಿದುಕೊಂಡು ಹೋಗಿ, ದೂರದಲ್ಲೇ ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಬುಟ್ಟಿ ಹಿಡಿದು, “ಬುದ್ಧಿ, ದಯಮಾಡಿಸಬೇಕು” ಎಂದ.

ಬೆಳ್ಳಕ್ಕಿ ಇನ್ನೊಂದು ಕಾಲು ಇಳಿಸಿತು. ಮೂರು ಹೆಜ್ಜೆ ಆಚೆ ಹೋಗಿ ನಿಂತಿತು.

“ಬುದ್ಧಿಯವರು ಹಿಂದೆ ಬಾ ಅಂತಿದ್ದಾರೆ” ಅಂದುಕೊಂಡು ಗುರುಪಾದಯ್ಯ ಮೂರು ಹೆಜ್ಜೆ ನೀರಿಗಿಳಿದ. ಬೆಳ್ಳಕ್ಕಿ ಆರು ಹೆಜ್ಜೆ ಹೋಯಿತು. ಇವನೂ ಆರು ಹೆಜ್ಜೆ ಹೋದ. ಕಾಲು ಕೆಸರಿಗಿಳಿದು ನೀರು ಮಂಡಿಗೆ ಬಂತು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. “ಯಾರ್ ಜೊತೆ ಮಾತಾಡ್ತಿದೀರಿ ಅಯ್ನೋರೇ?”

ಕೆಂಚಮ್ಮ. ದಿನವೂ ಕೆರೆಯಂಚಿಗೆ ಬಂದು ಹೊನಗೊನೆ ಸೊಪ್ಪು ಕೊಯ್ದು ಊರೊಳಗೆ ಮಾರುವ ಹೆಂಗಸು. ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು ಕೆಸರಲ್ಲಿ ನಿಂತಿದ್ದಳು. ಹನ್ನೆರಡು ವರ್ಷದಲ್ಲಿ ಗುರುಪಾದಯ್ಯ ಅವಳ ಜೊತೆ ಹನ್ನೆರಡು ಮಾತಾಡಿರಲಿಲ್ಲ. ತಪಸ್ವಿಗಳು ಸೊಪ್ಪಿನವಳ ಜೊತೆ ಮಾತಾಡುತ್ತಾರೆಯೇ?

“ಸುಮ್ಮನಿರು ಕೆಂಚಮ್ಮ. ಬುದ್ಧಿಯವರು ಧ್ಯಾನದಲ್ಲಿದ್ದಾರೆ.”

ಕೆಂಚಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. “ಯಾವ್ ಬುದ್ಧಿ? ಇಲ್ಲಿ ನನಗ್ಯಾರೂ ಕಾಣಾಕಿಲ್ಲ.”

“ಎದುರಿಗೇ ನಿಂತಿಲ್ಲವೇ! ಬೆಳ್ಳಗೆ!”

“ಆ ಬೆಳ್ಳಕ್ಕಿಗೆ ಬುದ್ಧಿ ಅಂತೀರಾ?” ಕೆಂಚಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಬುದ್ಧಿ ಅಲ್ಲಿಲ್ಲ ಅಯ್ನೋರೇ. ಇಲ್ಲೂ ಸ್ವಲ್ಪ ಕಮ್ಮಿ ಇದ್ದಂಗೈತೆ.”

ಗುರುಪಾದಯ್ಯ ಅವಳ ಕಡೆ ತಿರುಗಲೇ ಇಲ್ಲ. “ನಿನಗೇನು ತಿಳಿಯುತ್ತೆ? ಎಷ್ಟು ಹೊತ್ತಿನಿಂದ ಒಂಟಿ ಕಾಲಲ್ಲಿ ನಿಂತಿದ್ದರು ಗೊತ್ತೇ?”

“ನೀರು ತಣ್ಣಗೈತೆ. ಇನ್ನೊಂದ್ ಕಾಲಿಗೆ ಚಳಿ ಆಗಿರ್ತೈತೆ.”

“ಕಣ್ಣು ಮುಚ್ಚಿ ಶಿವನನ್ನು ನೆನೆಯುತ್ತಿದ್ದರು!”

ಅವನು ಇದನ್ನು ಹೇಳಿ ಬಾಯಿ ಮುಚ್ಚುವುದಕ್ಕೂ ಬೆಳ್ಳಕ್ಕಿ ಕತ್ತನ್ನು ಈಟಿಯಂತೆ ನೀರಿಗೆ ಎಸೆಯುವುದಕ್ಕೂ ಸರಿಹೋಯಿತು. ತಲೆ ಎತ್ತಿದಾಗ ಕೊಕ್ಕಿನಲ್ಲಿ ಒಂದು ಕಪ್ಪೆ. ಕಪ್ಪೆಯ ಎರಡು ಕಾಲು ಹೊರಗೆ ಒದ್ದಾಡುತ್ತಿದ್ದವು.

ಗುರುಪಾದಯ್ಯ ಎಂಜಲು ನುಂಗಿದ. ಬೆಳ್ಳಕ್ಕಿ ಕಪ್ಪೆ ನುಂಗಿತು.

“ಇದೇನು ಅಯ್ನೋರೇ, ನಿಮ್ ಬುದ್ಧಿಯೋರು ಪೂಜೆಗೆ ಮುಂಚೆನೇ ಪ್ರಸಾದ ತಗೊಂಡ್ಬಿಟ್ರು?”

“ಅದು... ಆ ಕಪ್ಪೆಗೆ ಮುಕ್ತಿ ಕೊಟ್ಟರು” ಅಂದ ಗುರುಪಾದಯ್ಯ. ಹಾಗೆ ಅನ್ನುವಾಗ ಅವನ ದನಿ ಯಾಕೋ ಸ್ವಲ್ಪ ಸೊರಗಿತ್ತು. ಆದರೆ ಹನ್ನೆರಡು ವರ್ಷದ ನಂಬಿಕೆ ಒಂದು ಕಪ್ಪೆಗೆಲ್ಲ ಬಗ್ಗುತ್ತದೆಯೇ? ಅವನು ಬುಟ್ಟಿಯನ್ನು ಮುಂದಕ್ಕೆ ಚಾಚಿ, ಮೆಲ್ಲಗೆ, ಮೆಲ್ಲಗೆ, ಬೆಳ್ಳಕ್ಕಿಯ ಬೆನ್ನ ಹಿಂದೆ ಹೋಗಿ, “ಕ್ಷಮಿಸಬೇಕು ಬುದ್ಧಿ, ಹೊತ್ತಾಯಿತು” ಎನ್ನುತ್ತಾ ಒಮ್ಮೆಲೇ ಹಾರಿ ಬುಟ್ಟಿ ಕವುಚಿದ.

ಬುಟ್ಟಿಯ ಕೆಳಗೆ ನೀರು ಸಿಕ್ಕಿತು. ನೀರಿನ ಕೆಳಗೆ ಕೆಸರು ಸಿಕ್ಕಿತು. ಕೆಸರಿನಲ್ಲಿ ಗುರುಪಾದಯ್ಯ ಸಿಕ್ಕಿಕೊಂಡ. ಬೆಳ್ಳಕ್ಕಿ ಮಾತ್ರ ಸಿಗಲಿಲ್ಲ. ಅದು ರೆಕ್ಕೆ ಬಡಿದು ಮೇಲೆದ್ದು, ಅವನ ತಲೆಯ ಮೇಲೆ ಒಂದು ಸುತ್ತು ಹಾಕಿ, ಹಣೆಯ ಮೇಲೆ ಬೆಚ್ಚಗೆ ಏನನ್ನೋ ಬೀಳಿಸಿ, ಆಚೆ ದಡಕ್ಕೆ ಹಾರಿಹೋಯಿತು.

ಗುರುಪಾದಯ್ಯ ಹಣೆ ಮುಟ್ಟಿ ನೋಡಿಕೊಂಡ. ಬೆರಳಿಗೆ ಬೆಳ್ಳಗೆ ಅಂಟಿತು. ಮುಖ ಅರಳಿತು. “ಕೆಂಚಮ್ಮ! ನೋಡಿದೆಯಾ! ಹೋಗುವಾಗ ವಿಭೂತಿ ಇಟ್ಟು ಹೋದರು!”

“ಒಂದ್ಸಲ ಮೂಸಿ ನೋಡಿ ಅಯ್ನೋರೇ” ಅಂದಳು ಕೆಂಚಮ್ಮ.

ಮೂಸಿ ನೋಡಿದ. ಅರಳಿದ ಮುಖ ಮುದುಡಿತು.

ದಡಕ್ಕೆ ಬಂದು ಹುಲ್ಲಿನ ಮೇಲೆ ಕುಸಿದ. ಪೂರ್ವಕ್ಕೆ ನೋಡಿದರೆ ಹುಣಸೆ ಮರದ ಹಿಂದೆ ಕೆಂಪು ಏರುತ್ತಿತ್ತು. ಮಠದಲ್ಲಿ ಜನ ಸೇರುವ ಗದ್ದಲ ಕೇಳುತ್ತಿತ್ತು. ಎಲ್ಲ ತಾನೇ ಕರೆದ ಜನ! ಖಾಲಿ ಬುಟ್ಟಿ ಹಿಡಿದು ಹೋಗಿ ಯಾವ ಮುಖ ತೋರಿಸಲಿ? ಗಂಟೆ ಹೋಯಿತು. ನಾಳೆ ದೊಡ್ಡ ಮಠದಿಂದ ಇನ್ನೊಬ್ಬರು ಬರುತ್ತಾರೆ. ನಲವತ್ತು ದಾಟಿದ ಗುರುಪಾದಯ್ಯ ಬುಟ್ಟಿಗೆ ಮುಖ ಒತ್ತಿ ಅತ್ತುಬಿಟ್ಟ.

ನಗುತ್ತಿದ್ದ ಕೆಂಚಮ್ಮ ಕುಡುಗೋಲು ಕೆಳಗಿಟ್ಟು ಹತ್ತಿರ ಬಂದಳು. “ಅಯ್ಯೋ, ಅಳ್ತೀರಲ್ಲಪ್ಪ! ಬುದ್ಧಿಯೋರು ನಿಜವಾಗ್ಲೂ ಏನ್ ತರಾಕ್ ಹೇಳಿದ್ರು? ಒಸಿ ಸರಿಯಾಗ್ ಹೇಳಿ.”

“ಮಾತಾಡಲಿಲ್ಲ ಕೆಂಚಮ್ಮ. ಸೋಮವಾರ ಅಲ್ಲವೇ? ಸನ್ನೆ ಮಾಡಿದರು.” ಗುರುಪಾದಯ್ಯ ಎದ್ದು ನಿಂತು ತೋರಿಸಿದ. ಕೆರೆಯ ಕಡೆ ಬೆರಳು ತೋರಿಸಿದ. ಪಂಚೆಯ ಅಂಚು ಎತ್ತಿದ, ಅದು ಈಗ ಬೆಳ್ಳಗಿರಲಿಲ್ಲ. ಒಂಟಿ ಕಾಲಲ್ಲಿ ನಿಂತ. ತಲೆ ಬಾಗಿಸಿದ. ಪುಟ್ಟದು ಎಂದ. ಎರಡು ಬೆರಳು ಕೂಡಿಸಿ, ಬಿಡಿಸಿ, ಕೂಡಿಸಿ, ಬಿಡಿಸಿದ.

ಕೆಂಚಮ್ಮ ನೆಲಕ್ಕೇ ಕೂತುಬಿಟ್ಟಳು. ನಕ್ಕು ನಕ್ಕು ಅವಳ ಕಣ್ಣಲ್ಲೂ ನೀರು ಬಂತು.

“ಇದು ಕೊಕ್ಕಲ್ಲ ನನ್ನಪ್ಪಾ! ಇದು ಹೂ ಬಿಡಿಸಾದು! ನಿಮ್ ಗುರುಗಳು ಪ್ರತಿ ಸೋಮವಾರ ನನ್ನ ಇದೇ ಸನ್ನೇಲಿ ಕೇಳ್ತಾರೆ, ಇವತ್ತು ಯಾವ ಕಡೆ ಚೆನ್ನಾಗ್ ಬಿಟ್ಟೈತೆ ಅಂತ. ನಾನು ತೋರಿಸ್ತೀನಿ. ಹನ್ನೆರಡು ವರ್ಷದಿಂದ ನೀವು ಅಲ್ಲೇ ಪಕ್ಕದಲ್ಲೇ ನಿಂತಿರ್ತೀರಿ!”

“ಯಾವ ಹೂವು?”

“ಕೆಳಗೆ ನೋಡಿ. ಈಗ ಯಾರ ಮೇಲೆ ನಿಂತಿದೀರಿ?”

ಗುರುಪಾದಯ್ಯ ಕೆಳಗೆ ನೋಡಿದ.

ತುಂಬೆ! ದಂಡೆಯ ತುಂಬಾ ತುಂಬೆ. ಮೊಳದುದ್ದದ ಗಿಡ, ಒಂದೇ ಕಡ್ಡಿಯ ಮೇಲೆ ನೆಟ್ಟಗೆ ನಿಂತಿತ್ತು. ತುದಿಯ ಗೊಂಚಲಲ್ಲಿ ಅಕ್ಕಿಕಾಳಿಗಿಂತ ಚೂರು ದೊಡ್ಡ ಹೂವು, ಬೆಳ್ಳಗೆ, ಬೆಳ್ಳಕ್ಕಿಗಿಂತಲೂ ಬೆಳ್ಳಗೆ. ಮಂಜಿನ ಹನಿಯ ಭಾರಕ್ಕೆ ತಲೆ ಬಾಗಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರೆರೆದದ್ದಲ್ಲ. ಅವನ ಅಂಗಾಲಿನ ಕೆಳಗೆ ನಾಲ್ಕು ಗಿಡ ನೆಲಕ್ಕೆ ಹತ್ತಿಹೋಗಿದ್ದವು. ದಿನವೂ ಧ್ಯಾನಕ್ಕೆ ಹೋಗುವ ದಾರಿಯದು. ದಿನವೂ ತುಳಿದುಕೊಂಡೇ ಹೋಗಿದ್ದ.

ಅವನು ಬೆಂಕಿ ತುಳಿದವನಂತೆ ಹಿಂದಕ್ಕೆ ಹಾರಿದ. ಹಿಂದೆಯೂ ತುಂಬೆ. ಪಕ್ಕಕ್ಕೆ ಹಾರಿದ. ಅಲ್ಲೂ ತುಂಬೆ. ಕೊನೆಗೆ ಕಾಲಿಡಲು ಜಾಗ ಕಾಣದೆ ಒಂಟಿ ಕಾಲಲ್ಲೇ ನಿಂತುಕೊಂಡು ಒದ್ದಾಡಿದ.

“ಈಗ ನೋಡಿ, ಇದು ನಿಜವಾದ ತಪಸ್ಸು” ಎಂದಳು ಕೆಂಚಮ್ಮ. “ಮೊದಲು ಹೋಗಿ ಮುಳುಗಿ ಬನ್ನಿ. ಆ ವಿಭೂತಿ ತೊಳ್ಕೊಳ್ಳಿ. ಬುಟ್ಟೀನೂ ಮೂರ್ ಸಲ ಅದ್ದಿ.”

ಗುರುಪಾದಯ್ಯ ಮುಳುಗಿ ಬಂದು ಹೂ ಬಿಡಿಸಲು ಬಗ್ಗಿದ. ತುಂಬೆ ಹೂವನ್ನು ನಿಂತು ಬಿಡಿಸಲು ಆಗುವುದಿಲ್ಲ. ಬಗ್ಗಿದರೂ ಸಾಲದು. ಎರಡೂ ಮಂಡಿ ನೆಲಕ್ಕೆ ಊರಿ, ಮುಖವನ್ನು ಗಿಡದ ಮಟ್ಟಕ್ಕೆ ತಂದರೆ ಮಾತ್ರ ಹೂವು ಕಾಣುತ್ತದೆ, ಕೈಗೆ ಬರುತ್ತದೆ. ಗುರುಗಳ ಮಂಡಿ ಯಾಕೆ ನೋಯುತ್ತದೆ ಎಂದು ಅವನಿಗೆ ಆಗ ಹೊಳೆಯಿತು. ಅವನ ಒರಟು ಬೆರಳಿಗೆ ಹೂವಿನ ಜೊತೆ ಗೊಂಚಲೇ ಕಿತ್ತು ಬರುತ್ತಿತ್ತು.

“ಹಂಗಲ್ಲ, ಕೀಳಬ್ಯಾಡಿ. ಮುಟ್ಟಿದ್ರೆ ಸಾಕು, ಅದಾಗೇ ಬರ್ತೈತೆ. ನಾನೂ ಕೈ ಹಾಕ್ಲಾ?”

ನಿನ್ನೆಯಾಗಿದ್ದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇವತ್ತು, “ಹಾಕು ತಾಯಿ, ನಿನ್ನ ಪುಣ್ಯ” ಎಂದ.

ಇಬ್ಬರೂ ಮಂಡಿಯೂರಿ ಬಿಡಿಸಿದರು. ಏರಿಯ ಮೇಲೆ ಜನ ಹೋಗುತ್ತಿದ್ದರು. ಯಾರು ಕೈ ಮುಗಿದರೋ ಯಾರು ಮುಗಿಯಲಿಲ್ಲವೋ ಗುರುಪಾದಯ್ಯನಿಗೆ ಗೊತ್ತಾಗಲಿಲ್ಲ. ಹೂವೇ ಅಷ್ಟು ಚಿಕ್ಕದು. ಎರಡೂ ಕಣ್ಣೂ ಬೇಕು.

ಬುಟ್ಟಿಯ ತಳ ಮುಚ್ಚುವ ಹೊತ್ತಿಗೆ ಕೆಂಚಮ್ಮ ತಲೆ ಎತ್ತಿ ಕೂಗಿದಳು: “ಅಯ್ನೋರೇ! ಹುಣಸೆ ಮರ ದಾಟ್ತು!”

ಗುರುಪಾದಯ್ಯ ಬುಟ್ಟಿ ಎದೆಗವುಚಿಕೊಂಡು ಓಡಿದ. ಏರಿ ಹತ್ತಿದ, ಏರಿ ಇಳಿದ. ಒದ್ದೆ ಪಂಚೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅಂಗಳದಲ್ಲಿದ್ದ ಯಾರೋ, “ನೋಡ್ರೋ, ನಮ್ಮ ಒಂಟಿಪಾದಯ್ಯ ಎರಡು ಕಾಲಲ್ಲಿ ಓಡಿ ಬರ್ತಾವ್ನೆ!” ಎಂದು ಕೂಗಿದರು.

ಅಂಗಳಕ್ಕೆ ಕಾಲಿಟ್ಟವನು ನಂದಿಯ ಕಡೆ ನೋಡಿದ. ಅಂಗಳದ ತುಂಬಾ ಬಿಸಿಲು. ಆದರೆ ನಂದಿಯ ಕೊಂಬು ಕಾಣಲಿಲ್ಲ. ಯಾರೋ ಅದರ ಮೇಲೆ ಕಾವಿ ಶಾಲು ಹೊದಿಸಿದ್ದರು. ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡ ಮುದುಕನಂತೆ ನಂದಿ ಕೂತಿತ್ತು. ಪಕ್ಕದಲ್ಲಿ ಗುರುಗಳು ಶಾಲಿಲ್ಲದೆ, ಬರೀ ಮೈಯಲ್ಲಿ, ಏನೂ ಅರಿಯದವರಂತೆ ಆಕಾಶ ನೋಡುತ್ತಾ ಕೂತಿದ್ದರು.

ಬಿಸಿಲು ಶಾಲಿನ ಮೇಲೆ ಬಿದ್ದಿತ್ತು. ಕೊಂಬಿನ ಮೇಲೆ ಇನ್ನೂ ಬಿದ್ದಿರಲಿಲ್ಲ.

ಶಿವನ ಕಟ್ಟಳೆಯಲ್ಲಿ ಶಿವನ ಕರುಣೆಗೂ ಎಲ್ಲೋ ಒಂದು ಸಂದಿ ಇರುತ್ತದೆ. ಗುರುಗಳಾದವರಿಗೆ ಅದು ಗೊತ್ತಿರುತ್ತದೆ.

ಜನರ ತೋಳು ಹಿಡಿದು ಗುರುಗಳು ಒಳಗೆ ಹೋಗಿ ಪೂಜೆಗೆ ಕೂತರು. ಹೂ ಏರಿತು. ಕಪ್ಪು ಲಿಂಗದ ಮೇಲೆ ಪುಟ್ಟ ಪುಟ್ಟ ಬಿಳಿ ತುಂಬೆ. ಗುರುಪಾದಯ್ಯ ಅವತ್ತು ಮೊದಲ ಸಲ ಕಣ್ಣು ಬಿಟ್ಟುಕೊಂಡು ಪೂಜೆ ನೋಡಿದ. ಇಷ್ಟು ಚೆಲುವನ್ನು ಹನ್ನೆರಡು ವರ್ಷ ಕಣ್ಣು ಮುಚ್ಚಿಕೊಂಡು ಕಳೆದುಕೊಂಡೆನಲ್ಲ ಅನ್ನಿಸಿತು.

ಮಂಗಳಾರತಿ ಆಯಿತು. ಗುರುಗಳು ಶಾಲು ತೆಗೆದು ಹೊದ್ದುಕೊಂಡರು. ಬಿಸಿಲು ಕೊಂಬಿಗೆ ಬಿತ್ತು. ಅವರ ಮೌನವೂ ಮುಗಿಯಿತು.

ಊರ ಗೌಡರು ಮುಂದೆ ಬಂದರು. “ಬುದ್ಧಿ, ನೋಡಿ ಇವನ ಸ್ಥಿತಿ! ಮೈಯೆಲ್ಲ ಒದ್ದೆ, ಕಾಲೆಲ್ಲ ಕೆಸರು. ಶಿವನಿಗೆ ಹೂ ತರೋಕೆ ಹೋಗಿ ಕೆರೆಗೇ ಬಿದ್ದಿದ್ದಾನೆ. ಎಂಥಾ ಭಕ್ತಿ! ಗಂಟೆ ಇವನಿಗೇ ಸಲ್ಲಬೇಕು.”

ಜನರೆಲ್ಲ ಹೌದು ಹೌದು ಎಂದರು. ಗುರುಗಳು ಕೈಗಂಟೆ ಎತ್ತಿಕೊಂಡು ಶಿಷ್ಯನ ಕಡೆ ಚಾಚಿದರು. ಒಂದು ಮಾತೂ ಕೇಳಲಿಲ್ಲ.

ಕೆಂಚಮ್ಮ ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಗುರುಪಾದಯ್ಯ ಅವಳ ಕಡೆ ನೋಡಿದ. ಅವಳು ಬೇರೆ ಕಡೆ ನೋಡಿದಳು. ಅವಳಂತೂ ಹೇಳುವವಳಲ್ಲ. ಇನ್ನು ನೋಡಿದ್ದು ಬೆಳ್ಳಕ್ಕಿ ಒಂದೇ. ಕೈ ಚಾಚಿದರೆ ಸಾಕು, ಹನ್ನೆರಡು ವರ್ಷದ ಆಸೆ ಕೈಯಲ್ಲಿ ಇರುತ್ತದೆ.

ಅವನ ಕೈ ಅರ್ಧದವರೆಗೂ ಹೋಯಿತು. ಅಲ್ಲೇ ನಿಂತಿತು.

“ಬುದ್ಧಿ,” ಎಂದ. “ನಾನು ಹೂವಿಗೆ ಅಂತ ಬಿದ್ದಿದ್ದಲ್ಲ.”

“ಮತ್ತೆ?”

“ಬೆಳ್ಳಕ್ಕಿ ಹಿಡಿಯೋಕೆ.”

ಗುರುಪಾದಯ್ಯ ಎಲ್ಲವನ್ನೂ ಹೇಳಿದ. ಕೊಕ್ಕು, ಪಲ್ಲಕ್ಕಿ, ಕಪ್ಪೆಯ ಮುಕ್ತಿ, ಏನನ್ನೂ ಬಿಡಲಿಲ್ಲ. ವಿಭೂತಿಯನ್ನೂ ಹೇಳಿದ. ಎಡಗಣ್ಣಿನ ವಿಷಯವನ್ನೂ ಹೇಳಿಬಿಟ್ಟ. ಗೌಡರು ನಗು ತಡೆಯಲಾರದೆ ನಂದಿಯನ್ನು ತಬ್ಬಿಕೊಂಡರು. ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡಿತು. ಗುರುಗಳ ಎರಡೂ ಹಲ್ಲು ಕಂಡವು.

ನಗು ಇಳಿದಮೇಲೆ ಗುರುಗಳು ಕೇಳಿದರು: “ಹಾಗಾದರೆ ಬೆಳ್ಳಕ್ಕಿ ಮೋಸ ಮಾಡಿತು ಅನ್ನುತ್ತೀಯಾ?”

“ಮತ್ತೇನು ಬುದ್ಧಿ? ಧ್ಯಾನ ಅಂತ ನಂಬಿಸಿ ಕಪ್ಪೆ ತಿಂತು.”

“ತಪ್ಪು ಗುರುಪಾದ. ಬೆಳ್ಳಕ್ಕಿಯನ್ನು ಬಯ್ಯಬೇಡ. ಅದು ಹೊಟ್ಟೆಗಾಗಿ ನಿಂತಿತ್ತು. ಹಾಗೆ ನಿಂತು ತಿನ್ನು ಎಂದು ಶಿವನೇ ಅದಕ್ಕೆ ಹೇಳಿಕೊಟ್ಟಿದ್ದಾನೆ. ತಾನು ತಪಸ್ವಿ ಎಂದು ಅದು ಯಾರಿಗೂ ಹೇಳಲಿಲ್ಲ. ಧ್ಯಾನ ಎಂದು ಹೆಸರಿಟ್ಟವರು ನಾವು. ತುಂಬೆಯೂ ಬೆಳ್ಳಗೆ, ಅದೂ ಒಂಟಿ ಕಾಲಿನದೇ. ಆದರೆ ಅದು ಯಾವ ಮೀನಿಗೂ ಕಾಯುವುದಿಲ್ಲ, ಯಾವ ದಾರಿಹೋಕನಿಗೂ ಕಾಯುವುದಿಲ್ಲ. ತುಳಿದರೆ ಬಾಗುತ್ತದೆ, ಬಿಟ್ಟರೆ ಏಳುತ್ತದೆ, ಮುಟ್ಟಿದರೆ ಹೂ ಕೊಡುತ್ತದೆ. ಬೆಳ್ಳಕ್ಕಿಗೆ ಒಂಟಿ ಕಾಲು ಹೊಟ್ಟೆಪಾಡು, ತುಂಬೆಗೆ ಹುಟ್ಟು. ಅವೆರಡೂ ಪ್ರಾಮಾಣಿಕ. ನಡುವೆ ಎರಡು ಕಾಲಿದ್ದೂ ಒಂದನ್ನು ಬಚ್ಚಿಟ್ಟುಕೊಂಡು ನಿಂತವನು ಯಾರು, ಹೇಳು?”

ಗುರುಪಾದಯ್ಯ ತಲೆ ತಗ್ಗಿಸಿದ. ಮೆಲ್ಲಗೆ ಹೇಳಿದ: “ಬುದ್ಧಿ, ಗಂಟೆ ಈಗ ಬೇಡ. ಆ ಹೂಬುಟ್ಟಿ ಕೊಡಿ. ನಿಮ್ಮ ಮಂಡಿ ನೋವು ಇನ್ನು ನನಗಿರಲಿ.”

ಗುರುಗಳು ಗಂಟೆಯನ್ನು ಗೂಡಿನಲ್ಲಿಟ್ಟರು. ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. ದೊಡ್ಡ ಮಠಕ್ಕೆ ಮಾತ್ರ ಯಾರನ್ನೂ ಕಳಿಸಲಿಲ್ಲ.

ಅವತ್ತಿನಿಂದ ಗುರುಪಾದಯ್ಯ ದಿನವೂ ಕೆರೆಯಂಚಿನಲ್ಲಿ ಮಂಡಿಯೂರಿ ತುಂಬೆ ಬಿಡಿಸಿದ. ಬೆಳ್ಳಕ್ಕಿ ತನ್ನ ಪಾಡಿಗೆ ತಾನು ನಿಲ್ಲುತ್ತಿತ್ತು. ಇವನು ತನ್ನ ಪಾಡಿಗೆ ತಾನು ಕೂರುತ್ತಿದ್ದ. ಹಿಂದೆ ಮೂರು ಮಾರು ದೂರ ಹೋಗುತ್ತಿದ್ದ ಹಕ್ಕಿ ಈಗ ಬುಟ್ಟಿಯ ಪಕ್ಕಕ್ಕೇ ಬಂದು ನಿಲ್ಲುತ್ತಿತ್ತು. ‘ಇವತ್ತು ಬುದ್ಧಿಯೋರು ತಾವಾಗೇ ದಯಮಾಡಿಸವ್ರೆ’ ಎಂದು ಕೆಂಚಮ್ಮ ರೇಗಿಸುತ್ತಿದ್ದಳು.

ಒಂದು ವರ್ಷ ಕಳೆಯಿತು. ಮತ್ತೆ ಶ್ರಾವಣ, ಮತ್ತೆ ಕಡೇ ಸೋಮವಾರ. ಗುರುಪಾದಯ್ಯ ಗರ್ಭಗುಡಿಯಲ್ಲಿ ಕೂತು ಹೂ ಏರಿಸುತ್ತಿದ್ದ. ಬೊಗಸೆ ತುಂಬಾ ತುಂಬೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ. ಪಕ್ಕದಲ್ಲಿ ಗುರುಗಳು ಏನನ್ನೋ ಅವನ ಕಡೆ ಚಾಚಿದರು. ಸೋಮವಾರ, ಮಾತಿಲ್ಲ.

ಗುರುಪಾದಯ್ಯ ಹೂವಿನಿಂದ ಕಣ್ಣು ತೆಗೆಯಲೇ ಇಲ್ಲ. “ಕೈ ಖಾಲಿ ಇಲ್ಲ ಬುದ್ಧಿ. ಏನಿದ್ದರೂ ಅಲ್ಲೇ ಪಕ್ಕಕ್ಕಿಡಿ, ಆಮೇಲೆ ನೋಡುತ್ತೇನೆ” ಎಂದ.

ಪಕ್ಕದಲ್ಲಿ ಕಂಚು ಕಲ್ಲಿಗೆ ತಾಗಿ ‘ಠಣ್’ ಎಂದಿತು.

ಗುರುಗಳು ಜೋರಾಗಿ ನಕ್ಕುಬಿಟ್ಟರು. ಮೌನವ್ರತದಲ್ಲಿ ನಗಬಾರದು ಎಂದು ಎಲ್ಲಿಯೂ ಹೇಳಿಲ್ಲ.

ನೀತಿ: ಒಂಟಿ ಕಾಲಲ್ಲಿ ನಿಂತವರೆಲ್ಲ ಶಿವನಿಗಾಗಿ ನಿಂತಿರುವುದಿಲ್ಲ. ಕಾಣಿಸಿಕೊಳ್ಳಲು ಮಾಡುವ ಭಕ್ತಿ ತನ್ನ ಕಾಲ ಕೆಳಗಿನ ಹೂವನ್ನೇ ತುಳಿಯುತ್ತದೆ. ಯಾರೂ ನೋಡದಿದ್ದರೂ ಮಂಡಿಯೂರಿ ಮಾಡುವ ಸಣ್ಣ ಸೇವೆಯನ್ನು ಭಗವಂತ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಅಂಥವರಿಗೆ ಬರಬೇಕಾದ ಗಂಟೆ ತಾನಾಗಿಯೇ ಬರುತ್ತದೆ. ಬಂದಾಗ ಕೈಗಳು ಮಾತ್ರ ಹೂವಿನಿಂದ ತುಂಬಿರಲಿ.